ಮಾಗಿಯ ಹಕ್ಕಿಗಳ ಆಗಮನ ನಿರ್ಗಮನಗಳು

ಪಕ್ಷಿವೀಕ್ಷಣವು ಆಂಗ್ಲೇಯರು ನಮ್ಮ ದೇಶಕ್ಕೆ ತಂದ ಒಂದು ಹವ್ಯಾಸವೆಂದು ಕೆಲವರ ಮತ. ಅದೆಲ್ಲವೂ ನಮ್ಮ ಪ್ರಾಚೀನ ಗ್ರಂಥಗಳಲ್ಲಿಯೇ ಅಡಗಿದೆ, ಹೊಸದಾಗಿ ಕಲಿಯತಕ್ಕುದು ಏನೂ ಇಲ್ಲವೆಂದು ಮತ್ತೆ ಕೆಲವರ ಮತ. ಈ ಎರಡು ಪಕ್ಷದವರ ವಾದಗಳನ್ನೂ ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಪದೇ ಪದೇ ಕೇಳಿದ್ದೇನೆ. ವಾದಿಗಳಲ್ಲಿ ಬಹುಮಂದಿ ಮೂಲಗ್ರಂಥಗಳನ್ನು ತೆರೆದು ನೋಡಿದಂತೆ ತೋರುವುದಿಲ್ಲ. ಪುಷ್ಯಮಾಸದ ಒಂದು ಬೆಳಗು ಕೆರೆಯ ಏರಿಯ ಮೇಲೆ ನಿಂತು ನೀರನ್ನು ನೋಡಿದಂತೆಯೂ ತೋರುವುದಿಲ್ಲ. ಗ್ರಂಥವನ್ನೂ ಕೆರೆಯನ್ನೂ ಒಟ್ಟಿಗಿಟ್ಟು ನೋಡಿದರೆ ಏನು ತಿಳಿಯುವುದೆಂಬುದನ್ನು ಮುಖ್ಯವಾಗಿ ಎರಡು ಹಕ್ಕಿಗಳ ಮೂಲಕ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅವುಗಳಲ್ಲಿ ಒಂದು ಖಂಜನ, ಮತ್ತೊಂದು ಹಂಸ.

ಮೊದಲು ಮಾಗಿಯ ಅತಿಥಿಗಳೆಂದರೆ ಯಾರೆಂಬುದನ್ನು ಸಂಕ್ಷೇಪವಾಗಿ ಹೇಳಬೇಕು. ನಮ್ಮ ಮೈಸೂರು ಸೀಮೆಯಲ್ಲಿ ವರ್ಷವಿಡೀ ವಾಸಮಾಡುವ ಹಕ್ಕಿಗಳಲ್ಲದೆ, ಭಾದ್ರಪದ ಆಶ್ವಯುಜಗಳಿಂದ ಮೊದಲ್ಗೊಂಡು ಉತ್ತರದಿಂದ ಬಂದಿಳಿದು, ಫಾಲ್ಗುಣ ಚೈತ್ರಗಳ ಹೊತ್ತಿಗೆ ಹಿಂದಿರುಗುವ ಅನೇಕ ಜಾತಿಗಳುಂಟು. ಹಿಮಾಲಯ, ತಿಬ್ಬತ್ತು, ಮಂಗೋಲಿಯ, ಸೈಬೀರಿಯಗಳಲ್ಲಿ ಬೇಸಗೆಯನ್ನು ಕಳೆದು, ಅಲ್ಲಿಯೇ ಗೂಡುಕಟ್ಟಿ ಮರಿಮಾಡಿ, ಅಲ್ಲಿಯ ನೀರು ಹೆಪ್ಪುಗಟ್ಟಿ ಆಹಾರವು ದುರ್ಲಭವಾಗುವ ಮುನ್ನವೇ ಅವು ದಕ್ಷಿಣಕ್ಕೆ ಹೊರಡುವುವು. ನಮ್ಮಲ್ಲಿ ಅವು ಗೂಡು ಕಟ್ಟುವುದಿಲ್ಲ. ನಮ್ಮ ನಾಡು ಅವಕ್ಕೆ ಬಿಡಾರವೇ ಹೊರತು ತವರಲ್ಲ. ಬಾತುಗಳು, ಉಲ್ಲಂಕಿಗಳು, ಸೆಳೆವಗಳು, ಸಿಪಿಲೆಗಳು, ಮರದೆಲೆಯ ನಡುವೆ ಕಣ್ಣಿಗೆ ಸಿಕ್ಕದೆ ಸುಳಿವ ಸಣ್ಣ ಎಲೆಹಕ್ಕಿಗಳು, ಇವೆಲ್ಲ ಈ ಗುಂಪಿಗೆ ಸೇರಿದವು.

ಇವುಗಳಲ್ಲಿ ಸಿಪಿಲೆಯೇ ಸಂಸ್ಕೃತದ ಖಂಜನ, ಅಥವಾ ಖಂಜರೀಟ. ನೀರಂಚಿನಲ್ಲಿ ತುರುತುರನೆ ಓಡುತ್ತ, ನಿಂತಲ್ಲೆಲ್ಲ ಬಾಲವನ್ನು ಮೇಲೆಕೆಳಗೆ ಆಡಿಸುತ್ತ ಹುಳು ಹೆಕ್ಕುವ ಈ ಹಕ್ಕಿಯನ್ನು ನಂಜನಗೂಡಿನ ಕಪಿಲೆಯ ಸ್ನಾನಘಟ್ಟದಲ್ಲಿ ನೋಡದವರು ಇರಲಾರರು, ಗಮನಿಸದವರು ಬಹಳ ಇರಬಹುದು. ಕವಿಗಳು ಸುಂದರಿಯರ ಚಂಚಲವಾದ ಕಣ್ಣುಗಳನ್ನು ಇದಕ್ಕೆ ಹೋಲಿಸಿ ಹೋಲಿಸಿ ಹಕ್ಕಿಯನ್ನೇ ಮರೆಯಿಸಿಬಿಟ್ಟರು. ಪಾಠಶಾಲೆಯಲ್ಲಿ ಖಂಜನಾಕ್ಷೀ ಎಂಬ ಸಮಾಸಕ್ಕೆ ವಿಗ್ರಹವಾಕ್ಯವನ್ನು ಥಟ್ಟನೆ ಹೇಳುತ್ತಿದ್ದ ಹುಡುಗರಲ್ಲಿ, ಹೊರಗಿನ ಕಟ್ಟೆಯ ಮೇಲೆ ಓಡಾಡುತ್ತಿದ್ದ ಆ ಹಕ್ಕಿಯನ್ನು ಬೆರಳಿಟ್ಟು ತೋರಿಸಬಲ್ಲವನು ಒಬ್ಬನೂ ಇರಲಿಲ್ಲ.

ಆದರೆ ಕವಿಗಳನ್ನು ಬಿಟ್ಟು ಜ್ಯೋತಿಷಿಯ ಬಳಿಗೆ ಹೋದರೆ ಬೇರೆಯೇ ನೋಟವು ಕಾಣುವುದು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಖಂಜನಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅದು ಶಕುನಶಾಸ್ತ್ರದ ಅಧ್ಯಾಯ. ಆ ವರ್ಷದಲ್ಲಿ ಖಂಜನವು ಮೊಟ್ಟಮೊದಲು ಎಲ್ಲಿ, ಹೇಗೆ ಕಂಡಿತೆಂಬುದರ ಮೇಲೆ ಫಲವನ್ನು ಹೇಳುವುದು ಅದರ ವಿಷಯ. ಫಲವನ್ನು ಒಪ್ಪುವುದು ಬಿಡುವುದು ಅವರವರ ಭಾವಕ್ಕೆ ಬಿಟ್ಟದ್ದು. ಈ ಲೇಖಕನಿಗೆ ಅದರಲ್ಲಿ ನಂಬಿಕೆಯಿಲ್ಲ. ಫಲಭಾಗವನ್ನು ತೆಗೆದಿಟ್ಟು ಉಳಿದುದನ್ನು ನೋಡಿದರೆ ಮಾತ್ರ ಆಶ್ಚರ್ಯವಾಗುವುದು.

ಖಂಜನದಲ್ಲಿ ನಾಲ್ಕು ಬಗೆಯೆಂದು ವರಾಹಮಿಹಿರನು ವಿಂಗಡಿಸುತ್ತಾನೆ. ದಪ್ಪನಾಗಿ, ಎತ್ತಿದ ಕೊರಳುಳ್ಳದ್ದಾಗಿ, ಗಂಟಲು ಕಪ್ಪಾಗಿರುವುದು ಭದ್ರ. ಕೊರಳಿನಿಂದ ಮುಖದವರೆಗೂ ಕಪ್ಪಾಗಿರುವುದು ಸಂಪೂರ್ಣ. ಗಂಟಲಿನಲ್ಲಿ ಕರಿಯ ಬೊಟ್ಟು ಮಾತ್ರವಿದ್ದು ಕೆನ್ನೆ ಬೆಳ್ಳಗಿರುವುದು ರಿಕ್ತ. ಹಳದಿಬಣ್ಣದ್ದು ಗೋಪೀತ. ಮೊದಲೆರಡು ಶುಭ, ಕೊನೆಯೆರಡು ಅಶುಭ. ಈಗ ಇಂದಿನ ಪಕ್ಷಿಶಾಸ್ತ್ರದ ಯಾವುದಾದರೂ ಕೈಪಿಡಿಯನ್ನು ತೆರೆದು ಸಿಪಿಲೆಗಳ ಪುಟವನ್ನು ನೋಡಿರಿ. ತಲೆ ಕೊರಳೆಲ್ಲ ಕಪ್ಪಾಗಿದ್ದು ಹುಬ್ಬು ಮಾತ್ರ ಬಿಳಿಯಾಗಿರುವ ದೊಡ್ಡ ಸಿಪಿಲೆಯೊಂದುಂಟು. ಅದು ನಮ್ಮಲ್ಲಿಯೇ ನೆಲಸಿ ಮರಿಮಾಡುವ ಜಾತಿ. ಚಳಿಗಾಲದಲ್ಲಿ ಗಂಟಲು ಬಿಳುಪಾಗಿ, ಎದೆಯ ಮೇಲೆ ಕರಿಯ ಗುರುತನ್ನು ಮಾತ್ರ ಉಳಿಸಿಕೊಂಡು ಬರುವ ಬಿಳಿ ಸಿಪಿಲೆಯುಂಟು. ಅದೇ ಹಕ್ಕಿ ಮರಳಿ ಹೊರಡುವ ಮುನ್ನ ಗರಿ ಬದಲಿಸಿ ಗಂಟಲನ್ನು ಕಪ್ಪುಮಾಡಿಕೊಳ್ಳುವುದೂ ಉಂಟು. ಹಳದಿಯ ಸಿಪಿಲೆಗಳಂತೂ ಒಂದಲ್ಲ, ಹಲವು. ವರಾಹಮಿಹಿರನ ನಾಲ್ಕು ಬಗೆಗಳೂ ಇಂದಿನ ಜಾತಿಗಳೂ ಒಂದಕ್ಕೊಂದು ನೇರವಾಗಿ ಹೊಂದುವುವೆಂದು ನಾನು ಸಾಧಿಸಹೊರಟಿಲ್ಲ. ಗಂಟಲು, ಕೆನ್ನೆ, ಮುಖ ಇವುಗಳ ಬಣ್ಣದಿಂದಲೇ ಸಿಪಿಲೆಯನ್ನು ಗುರುತಿಸಬೇಕೆಂಬುದನ್ನು ಆತನೋ, ಆತನು ಯಾರ ಮತವನ್ನು ಸಂಗ್ರಹಿಸಿದನೋ ಆ ಋಷಿಗಳೋ ಕಂಡುಕೊಂಡಿದ್ದರು. ದುರ್ಬೀನು ಹಿಡಿದು ನಿಂತ ಇಂದಿನ ವೀಕ್ಷಕನೂ ನೋಡುವುದು ಅದನ್ನೇ.

ಇನ್ನು ಖಂಜನವು ಕಾಣುವ ಸ್ಥಳಗಳು. ಕೆಸರಿನಲ್ಲಿ ಕಂಡರೆ ಮೃಷ್ಟಾನ್ನ, ಸಗಣಿಯ ಮೇಲೆ ಕಂಡರೆ ಹಾಲುಮೊಸರಿನ ಸಮೃದ್ಧಿ, ಎಳೆಹುಲ್ಲಿನಲ್ಲಿ ಕಂಡರೆ ವಸ್ತ್ರಲಾಭ, ಆಡುಕುರಿಗಳ ಬೆನ್ನಿನ ಮೇಲೆ ಕಂಡರೆ ಪ್ರಿಯಸಮಾಗಮ. ಬಂಡಿಯ ಮೇಲೆ ಕಂಡರೆ ದೇಶಕ್ಕೆ ಕೇಡು, ಮನೆಯ ಮಾಡಿನ ಮೇಲೆ ಕಂಡರೆ ಧನನಾಶ. ಕೆಸರು, ಸಗಣಿ, ಹುಲ್ಲು, ದನಕುರಿಗಳ ಸಂಗ, ಮನೆಯ ಮಾಡು: ಸಿಪಿಲೆಯು ಹುಳುಹುಪ್ಪಟೆಗಳನ್ನು ಅರಸಿ ನಿಜವಾಗಿ ಸುಳಿದಾಡುವ ಎಡೆಗಳು ಇವೇ ಅಲ್ಲವೆ? ಕಣ್ಣಾರೆ ಕಂಡವನಲ್ಲದೆ ಮತ್ತೊಬ್ಬನು ಈ ಪಟ್ಟಿಯನ್ನು ಮಾಡಲಾರನು. ಅಧ್ಯಾಯದ ಒಂದೆಡೆ ಮತ್ತೂ ಸ್ವಾರಸ್ಯವಾದ ಮಾತುಂಟು. ಖಂಜನಗಳು ಜೋಡಿಗೂಡಿದ ನೆಲದಡಿ ನಿಧಿಯೂ, ಅದು ಕಾರಿಕೊಂಡ ನೆಲದಡಿ ಗಾಜೂ, ಹಿಕ್ಕೆಹಾಕಿದ ನೆಲದಡಿ ಇದ್ದಲೂ ಇರುವುದೆಂದು ಹೇಳುವರಂತೆ. ಕುತೂಹಲವು ತೀರಬೇಕಾದರೆ ನೆಲವನ್ನು ಅಗೆದು ನೋಡಬಹುದೆಂದು ಆಚಾರ್ಯನ ಸಲಹೆ. ಆ ಸಲಹೆಯಲ್ಲಿ ಒಂದು ಸಣ್ಣ ನಗೆ ಇದ್ದಂತೆ ನನಗೆ ಭಾಸವಾಗುವುದು. ಉತ್ತರದಿಂದ ಬರುವ ಸಿಪಿಲೆಗಳು ನಮ್ಮ ನಾಡಿನಲ್ಲಿ ಮರಿಮಾಡುವುದಿಲ್ಲವಾದುದರಿಂದ, ಇಲ್ಲಿಯ ನಿಧಿಶೋಧಕರು ನೆಲಸಿಗ ಜಾತಿಯೊಂದನ್ನೇ ನಂಬಬೇಕಾದೀತು.

ಈ ಅಧ್ಯಾಯದಲ್ಲಿ ಗಮನಿಸತಕ್ಕ ಮುಖ್ಯಾಂಶವು ಬೇರೊಂದಿದೆ. ಪ್ರಥಮದರ್ಶನದ ಫಲವು ಒಂದು ವರ್ಷದವರೆಗೆ ನಡೆಯುವುದೆಂದೂ, ಆಮೇಲೆ ದಿನದಿನವೂ ಕಂಡುದರ ಫಲವು ಆಯಾ ದಿನಕ್ಕೆ ಮುಗಿಯುವುದೆಂದೂ ಆಚಾರ್ಯನು ಹೇಳುತ್ತಾನೆ. ಒಳ್ಳೆಯ ಸ್ಥಳದಲ್ಲಿ ಕಂಡ ಶುಭಪಕ್ಷಿಗೆ ರಾಜನೂ ಹೂ ಧೂಪಗಳೊಡನೆ ಅರ್ಘ್ಯವನ್ನು ಕೊಡಬೇಕಂತೆ. ಎಂದರೆ ಖಂಜನವು ವರ್ಷಕ್ಕೊಮ್ಮೆ ಹೊಸದಾಗಿ ಬರುವ ಹಕ್ಕಿಯೆಂಬ ಅರಿವು ಅಲ್ಲಿ ಸ್ಪಷ್ಟವಾಗಿದೆ. ಅದರ ಆಗಮನವನ್ನು ಕಾದು ನೋಡುತ್ತಿದ್ದರು. ಬಂದ ದಿನವು ಲೆಕ್ಕಕ್ಕೆ ಸೇರುತ್ತಿತ್ತು. ಆದರೆ ಅದು ಹೋದ ದಿನ ಯಾವುದು? ಕಡೆಯ ದರ್ಶನಕ್ಕೆ ಏನು ಫಲ? ಅಧ್ಯಾಯವನ್ನು ಆದ್ಯಂತ ಓದಿದರೂ ಅದರ ಸುದ್ದಿಯೇ ಇಲ್ಲ.

ಈ ಮೌನವನ್ನು ನೆನಪಿನಲ್ಲಿಟ್ಟುಕೊಂಡು ಹಂಸದ ಕಡೆಗೆ ತಿರುಗೋಣ. ಹಂಸಗಳು ಮಳೆಗಾಲ ಬಂದೊಡನೆ ಮಾನಸಸರೋವರಕ್ಕೆ ಹೊರಟುಹೋಗುವುವು, ಶರದೃತುವಿನಲ್ಲಿ ಹಿಂದಿರುಗುವುವು ಎಂಬುದು ನಮ್ಮ ಕಾವ್ಯಗಳಲ್ಲೆಲ್ಲ ಕಾಣುವ ಮಾತು. ವಾಲ್ಮೀಕಿಯ ಕಿಷ್ಕಿಂಧಾಕಾಂಡದ ವರ್ಷಾವರ್ಣನೆಯಲ್ಲಿ ಮಾನಸಕ್ಕೆ ಹೊರಡುವುವು ಚಕ್ರವಾಕಗಳು. ಶರದ್ವರ್ಣನೆಯಲ್ಲಿ ಹಂಸಗಳೂ ಚಕ್ರವಾಕಗಳೂ ಮತ್ತೆ ಕಾಣಿಸಿಕೊಳ್ಳುವುವು. ಕಾಳಿದಾಸನ ಮೇಘದೂತದಲ್ಲಿ ರಾಜಹಂಸಗಳು ಕೈಲಾಸದವರೆಗೂ ಮೋಡದ ಜೊತೆಗಾರರಾಗುವುವು. ಹಿಮಾಲಯದಲ್ಲಿ ಅವು ನುಸುಳಿ ಹೋಗುವ ಕ್ರೌಂಚರಂಧ್ರವೆಂಬ ಕಣಿವೆಯನ್ನೂ ಕವಿಯು ಹೆಸರಿಸುವನು. ಅಮರಸಿಂಹನ ನಿಘಂಟಿನಲ್ಲಿ ಹಂಸಕ್ಕೆ ಮಾನಸೌಕಸ್ ಎಂದರೆ ಮಾನಸವೇ ಮನೆಯಾಗಿ ಉಳ್ಳದ್ದು ಎಂದು ಒಂದು ಪರ್ಯಾಯನಾಮವೇ ಉಂಟು. ಕೊಕ್ಕುಕಾಲುಗಳು ಕೆಂಪಾದರೆ ರಾಜಹಂಸ, ಮಾಸಲಾದರೆ ಮಲ್ಲಿಕಾಕ್ಷ, ಕಪ್ಪಾದರೆ ಧಾರ್ತರಾಷ್ಟ್ರ ಎಂದು ಆತನ ವಿಂಗಡಣೆ. ಬಾತುಗಳನ್ನು ಕೊಕ್ಕುಕಾಲುಗಳ ಬಣ್ಣದಿಂದ ಬೇರ್ಪಡಿಸುವ ಕ್ರಮವು ಇಂದಿಗೂ ನಡೆದಿದೆ.

ಹಾಗಾದರೆ ಈ ಹಂಸವು ಯಾವ ಹಕ್ಕಿ? ನಮ್ಮ ಜನರ ಕಣ್ಣಿಗೆ ಕಟ್ಟಿರುವುದು ರಾಜಾ ರವಿವರ್ಮನು ೧೮೯೯ರಲ್ಲಿ ಬರೆದ ದಮಯಂತಿಯ ಚಿತ್ರದಲ್ಲಿರುವ, ನೀಳವಾಗಿ ಬಾಗಿದ ಕೊರಳಿನ ಬಿಳಿಯ ಹಕ್ಕಿ. ಅದು ಯೂರೋಪಿನ ಸರೋವರಗಳಲ್ಲಿ ಸಾಮಾನ್ಯವಾದ ಪಕ್ಷಿ. ನಮ್ಮ ದೇಶದ ವಾಯವ್ಯ ಮೂಲೆಗೆ ಎಂದೋ ಒಮ್ಮೆ ದಾರಿತಪ್ಪಿ ಬರುವುದೇ ಹೊರತು ದಕ್ಷಿಣದ ಕೆರೆಗಳಿಗೆ ಬರುವುದಿಲ್ಲ. ಪ್ರಾಚೀನ ಶಿಲ್ಪಿಗಳ ಸಾಕ್ಷ್ಯ ಬೇರೆ. ಅಜಂತೆಯ ಚಿತ್ರಗಳಲ್ಲಿರುವ ಹಂಸವು ಹೆಬ್ಬಾತೇ. ನಮ್ಮ ಸೋಮನಾಥಪುರದ ೧೩ನೆಯ ಶತಮಾನದ ಕೇಶವಾಲಯದ ಸುತ್ತಲೂ ಮಕರಪಂಕ್ತಿಯೊಡನೆ ಸಾಲಾಗಿ ನಡೆವ ಹಂಸಗಳ ಬಾಲವನ್ನು ಶಿಲ್ಪಿಯು ಲತೆಯಂತೆ ಸುರುಳಿಸುತ್ತಿ ಕೆತ್ತಿದ್ದರೂ ಮೈಕಟ್ಟು ಹೆಬ್ಬಾತಿನದೇ. ಡಚ್ ವಿದ್ವಾಂಸ ಫೋಗೆಲ್ ಮಹಾಶಯರು ಈ ವಿಷಯಕ್ಕಾಗಿಯೇ ಬರೆದ, ೧೯೬೨ರಲ್ಲಿ ಪ್ರಕಟವಾದ ಒಂದು ಗ್ರಂಥದಲ್ಲಿ, ಸಾಹಿತ್ಯ ಶಿಲ್ಪಗಳೆರಡರಿಂದಲೂ ಪ್ರಮಾಣಗಳನ್ನು ಒಟ್ಟುಗೂಡಿಸಿ, ಹಂಸವು ಹೆಬ್ಬಾತೆಂದು ವಾದಿಸಿದರು. ನನಗೆ ಅವರ ವಾದವು ಸಮ್ಮತವಾಗಿದೆ.

ಆ ಹೆಬ್ಬಾತುಗಳಲ್ಲಿಯೂ ದಕ್ಷಿಣದವರೆಗೆ ಹಿಂಡುಹಿಂಡಾಗಿ ಬರುವುದು ಒಂದೇ. ಅದು ಪಟ್ಟೆತಲೆಯ ಹೆಬ್ಬಾತು. ಮೈ ತಿಳಿಬೂದು, ತಲೆ ಬಿಳಿ, ತಲೆಯ ಹಿಂಬದಿಯಲ್ಲಿ ಅಡ್ಡಲಾಗಿ ಎರಡು ಕರಿಯ ಪಟ್ಟೆ, ವಿಭೂತಿಯಿಟ್ಟಂತೆ ಎನ್ನೋಣವೆಂದರೆ ಬಣ್ಣ ತಿರುಗುಮುರುಗಾಗಿದೆ. ಕೊಕ್ಕುಕಾಲುಗಳು ಕಿತ್ತಳೆಹಳದಿ. ಲಡಾಖ್, ತಿಬ್ಬತ್ತು, ಮಂಗೋಲಿಯಗಳ ಎತ್ತರದ ಸರೋವರಗಳ ಬಳಿ ಇದು ಮೊಟ್ಟೆಯಿಡುವುದು. ಮಾನಸಸರೋವರದ ಪ್ರದೇಶವೂ ಅದರ ನಾಡೇ. ೧೮೧೨ರಲ್ಲಿ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ಪಶುವೈದ್ಯನು ಹರ್ಸೆಯೆಂಬ ಸಂಗಡಿಗನೊಡನೆ ಗೋಸಾಯಿಯ ವೇಷವನ್ನು ಧರಿಸಿ ಗುಟ್ಟಾಗಿ ಹಿಮಾಲಯವನ್ನು ದಾಟಿ ಮಾನಸಕ್ಕೆ ಹೋಗಿ ಅಲ್ಲಿ ಬೂದುಬಣ್ಣದ ಬಾತುಗಳ ಹಿಂಡುಗಳನ್ನು ಕಂಡನು. ಮರುವರ್ಷವೇ ಮೇಘದೂತವನ್ನು ಆಂಗ್ಲಭಾಷೆಗೆ ತಂದ ಹೊರೇಸ್ ವಿಲ್ಸನ್ ಪಂಡಿತನು ಹಂಸಗಳ ಮಾತು ಬಂದೆಡೆಯಲ್ಲಿ ಈ ಪ್ರಯಾಣಿಕನ ಸಾಕ್ಷ್ಯವನ್ನು ಬಳಸಿಕೊಂಡನು. ಸಾವಿರದ ನಾನೂರು ವರ್ಷಗಳ ಹಿಂದಿನ ಕವಿಯೂ ಹತ್ತೊಂಬತ್ತನೆಯ ಶತಮಾನದ ಕುದುರೆವೈದ್ಯನೂ ಒಂದೇ ಹಕ್ಕಿಯ ವಿಚಾರದಲ್ಲಿ ಒಬ್ಬರಿಗೊಬ್ಬರು ಸಾಕ್ಷಿಯಾದರು.

ಕವಿಯು ದಿಕ್ಕನ್ನು ಸರಿಯಾಗಿ ಹೇಳಿದನು, ದಾರಿಯನ್ನೂ ಸರಿಯಾಗಿ ಹೇಳಿದನು. ಹಂಸಗಳು ಶರತ್ಕಾಲದ ಹೊತ್ತಿಗೆ ಹಿಂದಿರುಗುವುವೆಂಬುದೂ ಉತ್ತರದೇಶಕ್ಕೆ ಸರಿಯೇ. ಆದರೆ ಹೋಗುವ ಕಾಲ? ಯಕ್ಷನು ಮೇಘವನ್ನು ಕಂಡುದು ಆಷಾಢದಲ್ಲಿ. ಪಟ್ಟೆತಲೆಯ ಹೆಬ್ಬಾತುಗಳಾದರೋ ದಕ್ಷಿಣದ ಕೆರೆಗಳನ್ನು ಮಾರ್ಚಿ ತಿಂಗಳ ಹೊತ್ತಿಗೇ ಬಿಟ್ಟು ಹೊರಡುವುವು. ಮಧ್ಯದೇಶದಿಂದಲೂ ಚೈತ್ರ ವೈಶಾಖಗಳೊಳಗೆ ಹೋಗಿಬಿಟ್ಟಿರುವುವು. ರಾಮಗಿರಿಯ ತಪ್ಪಲಿನಿಂದ ಮೋಡವು ಹೊರಡುವ ದಿನ ಹಂಸವು ತಿಬ್ಬತ್ತಿನಲ್ಲಿ ಮೊಟ್ಟೆಗಳ ಮೇಲೆ ಕಾವು ಕುಳಿತಿರುವುದು. ಪಾಪ, ಆ ಮೋಡವು ಒಂಟಿಯಾಗಿಯೇ ಹೋಗಬೇಕಾಯಿತು.

ಎರಡು ಮೂರು ತಿಂಗಳ ಈ ವ್ಯತ್ಯಾಸವು ಏಕೆ ಉಂಟಾಯಿತು? ಕವಿಗಳು ಏನೂ ನೋಡದೆ ಬರೆದರೆಂದು ತಳ್ಳಿಹಾಕುವುದು ಸುಲಭ. ಕವಿಸಮಯವೆಂದು ಸಮಾಧಾನ ಹೇಳುವುದು ಅದಕ್ಕಿಂತಲೂ ಸುಲಭ. ಕ್ರಿ.ಶ. ೯೦೦ರ ಸುಮಾರಿನಲ್ಲಿದ್ದ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ, ಇಲ್ಲದುದನ್ನು ಇದೆಯೆಂದು ವರ್ಣಿಸುವ ಸಂಪ್ರದಾಯಕ್ಕೆ ನಿದರ್ಶನವಾಗಿ, ನೀರಿದ್ದಲ್ಲೆಲ್ಲ ಹಂಸವನ್ನು ವರ್ಣಿಸುವ ಪದ್ಧತಿಯನ್ನೇ ಕೊಡುತ್ತಾನೆ. ಎಂದರೆ ಎಲ್ಲ ಕೊಳಗಳಲ್ಲಿಯೂ ಹಂಸವಿರುವುದಿಲ್ಲವೆಂಬುದು ಆತನಿಗೂ ಆತನ ಶ್ರೋತೃಗಳಿಗೂ ಚೆನ್ನಾಗಿ ಗೊತ್ತಿದ್ದಿತು. ನಮ್ಮ ಕನ್ನಡದ ಚಂಪೂಕವಿಗಳ ಕೊಳಗಳೂ ಈ ಸಂಪ್ರದಾಯದಲ್ಲಿಯೇ ಹಂಸಗಳಿಂದ ತುಂಬಿದುವು. ಅಂತು, ಹಂಸವಿರುವ ಎಡೆಯ ಬಗ್ಗೆ ಕವಿಸಮಯವು ತಿಳಿದು ಮಾಡಿದ ಉತ್ಪ್ರೇಕ್ಷೆ. ಹೊರಡುವ ಕಾಲದ ತಪ್ಪು ಅಂಥದಲ್ಲ. ಅದು ನಿಜವೆಂದೇ ನಂಬಿ ಹೇಳಿದ ಮಾತು.

ನನಗೆ ತೋರುವ ಕಾರಣ ಇದು. ಬರುವುದು ಕಣ್ಣಿಗೆ ಬೀಳುವುದು, ಹೋಗುವುದು ಬೀಳುವುದಿಲ್ಲ. ನಿನ್ನೆ ಬರಿದಾಗಿದ್ದ ಕೆರೆಯಲ್ಲಿ ಇಂದು ನೂರು ಬಾತುಗಳಿದ್ದರೆ ದಾರಿಹೋಕನೂ ನಿಂತು ನೋಡುವನು. ಹೋಗುವಾಗ ಅವು ಗುಂಪುಗುಂಪಾಗಿ, ಬಹುಮಟ್ಟಿಗೆ ರಾತ್ರಿಯ ಹೊತ್ತಿನಲ್ಲಿ, ಯಾರಿಗೂ ಹೇಳದೆ ಹೋಗುವುವು. ಬೇಸಗೆಯಲ್ಲಿ ಕೆರೆ ಬತ್ತುತ್ತಿರುವಾಗ ಅತ್ತ ಸುಳಿಯುವವರೂ ಕಡಮೆ. ಮೊದಲ ಮಳೆ ಬಿದ್ದು ನೀರು ತುಂಬಿ ಮತ್ತೆ ಕೆರೆಯ ಕಡೆ ನೋಡಿದಾಗ, ಓಹೋ ಹಂಸಗಳು ಹೊರಟುಹೋದುವು ಎಂದು ಕವಿಗೆ ಹೊಳೆಯುವುದು. ಹೊಳೆದ ದಿನವೇ ಹೊರಟ ದಿನವಾಗಿ ಕಾವ್ಯದಲ್ಲಿ ನಿಂತಿತು. ವರಾಹಮಿಹಿರನು ಪ್ರಥಮದರ್ಶನಕ್ಕೆ ಫಲ ಹೇಳಿ ಕಡೆಯ ದರ್ಶನದ ವಿಚಾರದಲ್ಲಿ ಸುಮ್ಮನಿದ್ದುದೂ, ಕಾಳಿದಾಸನು ನಿರ್ಗಮನವನ್ನು ಆಷಾಢಕ್ಕೆ ತಳ್ಳಿದುದೂ ಒಂದೇ ಸ್ವಭಾವದ ಎರಡು ಮುಖಗಳೆಂದು ನಾನು ಎಣಿಸುತ್ತೇನೆ. ನಮ್ಮವರಿಗೆ ಕಣ್ಣು ಇದ್ದಿತು, ದಿನಚರಿ ಇರಲಿಲ್ಲ.

ದಿನಚರಿಯು ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ, ಅದೂ ಬೇಟೆಗಾರರ ಮೂಲಕ. ಮದರಾಸು ಸೈನ್ಯದ ವೈದ್ಯನಾಗಿದ್ದ ಜರ್ಡನ್ ೧೮೬೨ರಿಂದ ೧೮೬೪ರೊಳಗೆ ಭಾರತದ ಪಕ್ಷಿಗಳ ಮೇಲೆ ಗ್ರಂಥವನ್ನು ಹೊರತಂದು, ಹಿಂದಿ, ತೆಲುಗು, ತಮಿಳು ಮೊದಲಾದ ದೇಶಭಾಷೆಗಳ ಹೆಸರುಗಳನ್ನೂ ಅದರಲ್ಲಿ ಸೇರಿಸಿದನು. ಆ ಹೆಸರುಗಳನ್ನು ಆತನಿಗೆ ಹೇಳಿಕೊಟ್ಟವರು ನಮ್ಮ ಶಿಕಾರಿಗಳೂ ಹಕ್ಕಿ ಹಿಡಿಯುವವರೂ. ೧೮೮೫ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣನಾದ ಹ್ಯೂಮ್ ಮಹಾಶಯನು ಅದಕ್ಕೆ ಮೊದಲು ಪಕ್ಷಿಶಾಸ್ತ್ರಜ್ಞನಾಗಿಯೇ ಪ್ರಸಿದ್ಧನಾಗಿದ್ದನು. ಸಿಮ್ಲಾದಲ್ಲಿ ಆತನು ವರ್ಷಗಳ ಕಾಲ ಕೂಡಿಹಾಕಿದ್ದ ಹಸ್ತಪ್ರತಿಗಳನ್ನು ಸೇವಕನೊಬ್ಬನು ರದ್ದಿಕಾಗದವೆಂದು ಬಜಾರಿನಲ್ಲಿ ಮಾರಿಬಿಟ್ಟನು. ಮನನೊಂದು ಆತನು ಅರುವತ್ತು ಸಾವಿರಕ್ಕೂ ಮೀರಿದ ಹಕ್ಕಿಚರ್ಮಗಳ ಸಂಗ್ರಹವನ್ನೆಲ್ಲ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟು ಕೈತೊಳೆದುಕೊಂಡನು. ತಾಳೆಗರಿಯ ಕಟ್ಟುಗಳು ಒಲೆಗೂ ಹೊಳೆಗೂ ಹೋದುದನ್ನು ಕೇಳಿ ಬೆಳೆದ ನಮಗೆ ಈ ದುಃಖವು ಅಪರಿಚಿತವಲ್ಲ.

ಹಕ್ಕಿಯು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತೆಂಬುದನ್ನು ಊಹೆಯಿಂದ ಬಿಡಿಸಿ ಪ್ರಮಾಣಕ್ಕೆ ತಂದವನು ಒಬ್ಬ ಉಪಾಧ್ಯಾಯನೆಂಬುದು ನನಗೆ ವೈಯಕ್ತಿಕವಾಗಿ ಹೆಮ್ಮೆಯ ಸಂಗತಿ. ಡೆನ್ಮಾರ್ಕಿನ ವೀಬೊರ್ ಎಂಬ ಊರಿನ ಮಾರ್ಟೆನ್ಸೆನ್ ಎಂಬ ಶಾಲಾಮಾಸ್ತರನು ೧೮೯೯ರಲ್ಲಿ ಹಗುರವಾದ ಲೋಹದ ಉಂಗುರಗಳಿಗೆ ಅಂಕಿ ಕೊರೆದು ಕಬ್ಬಕ್ಕಿಯ ಜಾತಿಯ ಹಕ್ಕಿಗಳ ಕಾಲಿಗೆ ತೊಡಿಸಿ ಹಾರಿಬಿಟ್ಟನು. ಎಲ್ಲಾದರೂ ಆ ಹಕ್ಕಿ ಸಿಕ್ಕಿದರೆ ಉಂಗುರವು ಅದರ ಊರನ್ನು ಹೇಳುವುದು. ನಮ್ಮ ದೇಶದಲ್ಲಿ ಈ ಕಾರ್ಯವು ಮೊದಲಾದ ಎಡೆಗಳಲ್ಲಿ ೧೯೨೦ರ ದಶಕದ ಧಾರ್ ಸಂಸ್ಥಾನವೂ ಒಂದು. ಭೋಜರಾಜನ ಧಾರಾನಗರವೇ ಅದು. ಹಂಸವನ್ನು ಹಾಡಿದ ಕವಿಗಳಿಗೆ ಅಕ್ಷರಲಕ್ಷ ಕೊಟ್ಟನೆಂದು ಕಥೆ ಹೇಳುವ ಊರಿನಲ್ಲಿಯೇ ಬಾತಿನ ಕಾಲಿಗೆ ಅಕ್ಷರದ ಉಂಗುರ ಬಿದ್ದುದು ಒಂದು ವಿನೋದ.

ನಮ್ಮ ಸಂಸ್ಥಾನದ ಹಕ್ಕಿಗಳ ಕ್ರಮವಾದ ಸಮೀಕ್ಷೆಯು ನಡೆದುದು ೧೯೩೯-೪೦ರಲ್ಲಿ. ಸಲೀಂ ಅಲಿಯವರು ಮೈಸೂರು ಸರ್ಕಾರದ ಆಶ್ರಯದಲ್ಲಿ ಸಂಚರಿಸಿ ಮಾಡಿದ ಟಿಪ್ಪಣಿಗಳು ೧೯೪೨-೪೩ರಲ್ಲಿ ಮುಂಬಯಿಯ ಪ್ರಕೃತಿಚರಿತ್ರಸಂಘದ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾದುವು. ಅವರ ಸಲಹೆಯಂತೆ ೧೯೪೦ರಲ್ಲಿ ರಂಗನತಿಟ್ಟು ರಕ್ಷಿತಸ್ಥಾನವಾದುದು ಎಲ್ಲರೂ ಬಲ್ಲ ಸಂಗತಿ. ಆ ಟಿಪ್ಪಣಿಗಳ ಬೆಲೆಯು ಈಗ ಹೆಚ್ಚಿದೆ. ಅಂದು ಎಲ್ಲಿ ಯಾವ ಹಕ್ಕಿ ಇದ್ದಿತೆಂಬುದಕ್ಕೆ ಅವೇ ಆಧಾರ.

ಶಾಸ್ತ್ರಜ್ಞರ ಹೆಸರನ್ನು ಹೇಳುವಾಗ ಹೆಸರಿಲ್ಲದ ವೀಕ್ಷಕರನ್ನು ಮರೆಯಬಾರದು. ಬಲೆ, ಗೂಡು, ಕರೆಗಳಿಂದ ಹಕ್ಕಿಯನ್ನು ಹಿಡಿದು ಜೀವಿಸುತ್ತಿದ್ದ ಹಕ್ಕಿಪಿಕ್ಕಿ ಜನರಿಗೆ ಯಾವ ಹಕ್ಕಿ ಯಾವ ತಿಂಗಳಲ್ಲಿ ಎಲ್ಲಿಳಿಯುವುದೆಂಬ ಜ್ಞಾನವು ವಂಶಪರಂಪರೆಯಾಗಿ ಬಂದಿದ್ದಿತು. ೧೯೭೨ರ ವನ್ಯಜೀವಿಸಂರಕ್ಷಣೆಯ ಶಾಸನದಿಂದ ಆ ವೃತ್ತಿಯು ನಿಂತಿತು. ನಿಲ್ಲಬೇಕಾದುದೇ, ಆದರೆ ವೃತ್ತಿಯೊಡನೆ ಜ್ಞಾನವೂ ಕರಗುತ್ತಿರುವಾಗ ಅದನ್ನು ಕೇಳಿ ಬರೆದುಕೊಂಡವರು ಬಹಳ ಕಡಮೆ. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರ ಕಥೆ ಇನ್ನೊಂದು ಬಗೆ. ಮಾಗಿಯಲ್ಲಿ ಅಲ್ಲಿಗೆ ಬಂದು ಊರೊಳಗಿನ ಹುಣಿಸೆಮರಗಳ ಮೇಲೆ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳನ್ನೂ ಹೆಜ್ಜಾರ್ಲೆಗಳನ್ನೂ ಊರವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ಕಾಪಾಡುತ್ತ ಬಂದಿದ್ದಾರೆ. ಹಿಕ್ಕೆಯು ಹೊಲಗಳಿಗೆ ಗೊಬ್ಬರವಾಗುವುದೂ ಉಂಟು. ಇದು ಹೊರಗಿನ ಶಾಸ್ತ್ರಲೋಕಕ್ಕೆ ಪರಿಚಯವಾದುದು ೧೯೭೬ರಲ್ಲಿ, ಅರಣ್ಯಾಧಿಕಾರಿಗಳಾಗಿದ್ದ ನೇಗಿನಹಾಳರ ಮೂಲಕ.

ಈಗ ಹದಿನಾರಿಗೆ ಬರೋಣ. ನಂಜನಗೂಡಿನ ಸಮೀಪದ ಈ ಗ್ರಾಮವು ಮೈಸೂರಿನ ಇತಿಹಾಸದಲ್ಲಿ ಮೊದಲ ಪುಟದಲ್ಲಿಯೇ ಬರುವುದು. ೧೩೯೯ರಲ್ಲಿ ಉತ್ತರದ ದ್ವಾರಕೆಯಿಂದ ಬಂದ ಯದುರಾಯ ಕೃಷ್ಣರಾಯರೆಂಬ ಸೋದರರು ಹದಿನಾಡಿನ ರಾಜಕುಮಾರಿಯನ್ನು ಸಂಕಟದಿಂದ ಪಾರುಮಾಡಿ ಒಡೆಯರ ವಂಶಕ್ಕೆ ಮೂಲಪುರುಷರಾದರೆಂಬ ಐತಿಹ್ಯವನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಅಲ್ಲಿಯ ಕೆರೆಗೆ ಉತ್ತರದಿಂದ ಬರುವ ಬೇರೆ ಅತಿಥಿಗಳನ್ನು ಬಲ್ಲವರು ಕಡಮೆ. ಮಾರ್ಗಶಿರ ಪುಷ್ಯಗಳಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿ ಇಳಿಯುವುವು. ಹಗಲೆಲ್ಲ ನೀರಿನಲ್ಲಿಯೂ ಅಂಚಿನ ಬಯಲಿನಲ್ಲಿಯೂ ವಿಶ್ರಮಿಸಿ, ಸಂಜೆಯಾದೊಡನೆ ಸಾಲುಕಟ್ಟಿ ಕೂಗುತ್ತ ಗದ್ದೆಬಯಲುಗಳಿಗೆ ಮೇಯಲು ಹೋಗುವುವು. ಮಂಗೋಲಿಯದಲ್ಲಿ ಶಾಸ್ತ್ರಜ್ಞರು ಕೊರಳಿಗೆ ಅಂಕಿತದ ಪಟ್ಟಿಯನ್ನು ತೊಡಿಸಿದ್ದ ಬಾತುಗಳು ಈ ಕೆರೆಯಲ್ಲಿ ಕಂಡಿವೆ. ಮೈಸೂರಿನ ಹವ್ಯಾಸೀ ವೀಕ್ಷಕರು ದುರ್ಬೀನಿನಲ್ಲಿ ಆ ಅಂಕಿತವನ್ನು ಓದಿ ತಿಳಿಸಿದ್ದಾರೆ. ನಾಲ್ಕು ಸಾವಿರ ಕಿಲೋಮೀಟರಿಗೂ ದೂರದ ಹುಲ್ಲುಗಾವಲಿನಿಂದ ಹೊರಟ ಹಕ್ಕಿಯು ಹದಿನಾರಿನ ಕೆರೆಯನ್ನು ಹುಡುಕಿಕೊಂಡು ಬಂದಿತೆಂಬುದಕ್ಕೆ ಇನ್ನು ಸಂದೇಹವಿಲ್ಲ.

ಕ್ರೌಂಚರಂಧ್ರದ ವಿಚಾರವನ್ನೂ ಯಂತ್ರಗಳು ಬಿಡಿಸಿವೆ. ಬೆನ್ನಿಗೆ ಕಟ್ಟಿದ ಸಣ್ಣ ಯಂತ್ರವು ಉಪಗ್ರಹದ ಮೂಲಕ ಹಕ್ಕಿಯ ಎತ್ತರವನ್ನೂ ದಾರಿಯನ್ನೂ ತಿಳಿಸುವುದು. ಇಂಥ ಅಧ್ಯಯನಗಳು ೨೦೧೧ರಿಂದ ಪ್ರಕಟವಾದುವು. ಹೆಬ್ಬಾತುಗಳು ಬೆನ್ನಗಾಳಿಯನ್ನು ಕಾಯದೆ, ತಂಪಾಗಿ ಗಾಳಿಯು ಸಾಂದ್ರವಾಗಿರುವ ರಾತ್ರಿ ಮತ್ತು ಮುಂಜಾವಿನ ಹೊತ್ತಿನಲ್ಲಿ ಹಿಮಾಲಯವನ್ನು ಏರುವುವೆಂದು ಗೊತ್ತಾಯಿತು. ಏರುಬಿದ್ದಲ್ಲಿ ಏರಿ, ಕಣಿವೆ ಬಂದಲ್ಲಿ ಇಳಿದು, ನೆಲದ ಏರಿಳಿತವನ್ನು ಅನುಸರಿಸಿಯೇ ಹಾರುವುವೆಂದು ೨೦೧೫ರಲ್ಲಿ ಪ್ರಕಟವಾದ ಶೋಧನೆ ಹೇಳಿತು. ಹೀಗೆ ಅಳೆದ ಎತ್ತರಗಳಲ್ಲಿ ಅತ್ಯಧಿಕವಾದುದು ೭,೨೯೦ ಮೀಟರು. ಆದರೆ ಬಹುಪಾಲು ಹಕ್ಕಿಗಳು ಶಿಖರಗಳ ಮೇಲಲ್ಲ, ಕಣಿವೆ ಕನಿವೆಗಳನ್ನು ಹಿಡಿದು ಅದಕ್ಕಿಂತ ಕೆಳಗೇ ದಾಟುವುವು. ಹಂಸಗಳಿಗೆ ಪರ್ವತದಲ್ಲೊಂದು ಬಾಗಿಲಿದೆಯೆಂಬ ಕವಿಯ ಮಾತು ಇಷ್ಟು ದಿನ ಬರಿಯ ಕಲ್ಪನೆಯೆನಿಸಿದ್ದಿತು.

ಇಷ್ಟನ್ನು ತಿಳಿದ ಮೇಲೂ ನಿರ್ಗಮನದ ಪ್ರಶ್ನೆ ಉಳಿದೇ ಇದೆ. ಹಳೆಯದಕ್ಕಿಂತ ಹೆಚ್ಚು ಕಠಿನವಾಗಿ ಉಳಿದಿದೆ. ವರ್ಷಕ್ಕೊಮ್ಮೆ ಹೋಗುವುದನ್ನು ಗಮನಿಸದವರು ಒಮ್ಮೆಗೇ ಹೋಗಿಬಿಡುವುದನ್ನು ಹೇಗೆ ಗಮನಿಸಬಲ್ಲರು? ರಾಜಸ್ಥಾನದ ಭರತಪುರದ ಜೌಗಿಗೆ ಸೈಬೀರಿಯದ ಬಿಳಿಯ ಕ್ರೌಂಚಗಳು ಚಳಿಗಾಲದಲ್ಲಿ ಬರುತ್ತಿದ್ದುವು. ೧೯೬೦ರ ದಶಕದಲ್ಲಿ ಅವುಗಳನ್ನು ನೂರರ ಮೇಲೆ ಎಣಿಸಿದ್ದರು; ಆಮೇಲೆ ವರ್ಷವರ್ಷಕ್ಕೂ ಕಡಮೆಯಾಗಿ, ೨೦೦೧-೦೨ರ ಮಾಗಿಯಲ್ಲಿ ಒಂದು ಜೋಡಿ ಬಂದು ಹೋಯಿತು. ಅದೇ ಕಡೆ. ಅಲ್ಲಿ ಲೆಕ್ಕವಿಟ್ಟವರಿದ್ದುದರಿಂದ ಇಷ್ಟಾದರೂ ತಿಳಿದಿದೆ. ಲೆಕ್ಕವಿಡದ ಕೆರೆಗಳಿಂದ ಯಾವ ಹಕ್ಕಿ ಯಾವ ವರ್ಷ ಹೋಯಿತೋ, ಅದನ್ನು ಈಗ ಹೇಳುವವರು ಯಾರು?

ನಮ್ಮ ಸೀಮೆಗೆ ಈ ಮಾತು ಹೆಚ್ಚಾಗಿ ಅನ್ವಯಿಸುವುದು. ಏಕೆಂದರೆ ಇಲ್ಲಿಯ ನೀರುಹಕ್ಕಿಗಳ ಬೀಡುಗಳೆಲ್ಲ ಬಹುಮಟ್ಟಿಗೆ ಮನುಷ್ಯರು ಕಟ್ಟಿದ ಕೆರೆಗಳೇ. ಮೈಸೂರಿನ ಲಿಂಗಾಂಬುಧಿಯನ್ನು ೧೮೨೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿಯ ಸ್ಮರಣಾರ್ಥವಾಗಿ ಕಟ್ಟಿಸಿದರು. ಕುಕ್ಕರಹಳ್ಳಿಯ ಕೆರೆಯು ೧೮೬೪ರದು. ಕೆರೆ ಕಟ್ಟಿಸಿದವನಿಗೆ ಪುಣ್ಯವನ್ನೂ ಕೆಡಿಸಿದವನಿಗೆ ಪಾಪವನ್ನೂ ಹೇಳುವ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಧರ್ಮಕಾರ್ಯದ ಫಲವನ್ನು ಉಂಡವರಲ್ಲಿ ಮಂಗೋಲಿಯದ ಬಾತೂ ಒಂದೆಂಬುದು ಶಾಸನಕವಿಗಳಿಗೆ ತಿಳಿದಿರಲಾರದು. ಹೂಳು ತುಂಬಿದರೆ, ಊರ ಕೊಳಚೆ ಸೇರಿದರೆ, ಅಂತರಗಂಗೆ ಹಬ್ಬಿ ತೆರೆದ ನೀರು ಮುಚ್ಚಿಹೋದರೆ ಬಾತುಗಳು ಬೇರೆಡೆಗೆ ಹೋಗುವುವು. ಬೇರೆಡೆಯಿಲ್ಲದ ದಿನ ಬರುವುದನ್ನೇ ಬಿಡುವುವು. ಗದಗ ಜಿಲ್ಲೆಯ ಮಾಗಡಿ ಕೆರೆಯು ದಕ್ಷಿಣಭಾರತದಲ್ಲಿ ಈ ಹೆಬ್ಬಾತುಗಳ ಅತಿ ದೊಡ್ಡ ಬಿಡಾರಗಳಲ್ಲೊಂದು. ಅದಕ್ಕೆ ೨೦೨೪ರಲ್ಲಿ ರಾಮ್‌ಸಾರ್ ಎಂಬ ಅಂತಾರಾಷ್ಟ್ರೀಯ ಮನ್ನಣೆಯು ದೊರೆಯಿತು. ರಂಗನತಿಟ್ಟಿಗೆ ೨೦೨೨ರಲ್ಲಿಯೇ ದೊರೆತಿದ್ದಿತು. ಹದಿನಾರಿಗೆ ಅಂಥ ಹೆಸರಿಲ್ಲ.

೧೯೮೭ರಿಂದ ಏಷ್ಯಾದ ಹಲವು ದೇಶಗಳಲ್ಲಿ ಪ್ರತಿವರ್ಷವೂ ಜನವರಿ ತಿಂಗಳಲ್ಲಿ ನೀರುಹಕ್ಕಿಗಳ ಎಣಿಕೆಯು ನಡೆಯುತ್ತಿದೆ. ನಮ್ಮ ಜಿಲ್ಲೆಯ ಕೆರೆಗಳಲ್ಲಿಯೂ ಹವ್ಯಾಸಿಗಳು ಶ್ರಮಪಟ್ಟು ಎಣಿಸುತ್ತಾರೆ. ಆದರೆ ಜನವರಿಯ ಎಣಿಕೆಯು ಇರುವ ಹಕ್ಕಿಯನ್ನು ಹೇಳುವುದೇ ಹೊರತು ಬಂದ ದಿನವನ್ನಾಗಲಿ ಹೋದ ದಿನವನ್ನಾಗಲಿ ಹೇಳಲಾರದು. ಈ ಭಾಗವು ಹಳ್ಳಿಯ ಶಾಲೆಗಳಿಂದ ಆಗತಕ್ಕ ಕೆಲಸ. ಒಂದು ಪುಸ್ತಕ, ಎರಡು ಅಂಕಣ: ಮೊದಲ ದರ್ಶನ, ಕಡೆಯ ದರ್ಶನ. ಮೊದಲನೆಯದನ್ನು ತುಂಬುವುದಕ್ಕೆ ಹುಡುಗರೇ ಓಡಿಬರುವರು. ಎರಡನೆಯದು ಕಷ್ಟ, ಕಡೆಯ ದಿನವು ಕಡೆಯ ದಿನವೆಂದು ಆ ದಿನ ತಿಳಿಯದು. ಫೆಬ್ರವರಿಯ ನಡುವಿನಿಂದ ಮಾರ್ಚಿಯ ಕೊನೆಯವರೆಗೆ ದಿನಬಿಟ್ಟು ದಿನವಾದರೂ ಏರಿಯ ಮೇಲೆ ಹೋಗಿ ನೋಡಬೇಕು. ನಾಲ್ಕಾರು ಸಲ ಬರಿಯ ನೀರನ್ನು ಕಂಡು ಬಂದ ಮೇಲೆ, ಹಿಂದಿನ ಪುಟವನ್ನು ತಿರುವಿ, ಹಂಸವು ಕಡೆಗೆ ಕಂಡ ತಾರೀಖನ್ನು ಆ ಅಂಕಣದಲ್ಲಿ ಬರೆಯಬೇಕು.